ಬನ್ನಿಯವರ ಪತಂಗ, ತಂಗಟೆಯವರ ಪತಂಗ

ಶಿವನು ಹುಳುಗಳನ್ನು ಮಾಡಿ ಭೂಮಿಗೆ ಬಿಡುವಾಗ ಯಾವುದರ ಬೆನ್ನಿಗೂ ಹೆಸರು ಅಂಟಿಸಿ ಕಳಿಸಲಿಲ್ಲ. ಅವನಿಗೆ ಅದರ ಅಗತ್ಯ ಕಾಣಲಿಲ್ಲ, ಹುಳುಗಳೂ ಕೇಳಲಿಲ್ಲ. ಹೀಗೆ ಎರಡು ಕಡೆಯವರೂ ನೆಮ್ಮದಿಯಾಗಿದ್ದ ವ್ಯವಹಾರದ ನಡುವೆ ಬಾಯಿ ಹಾಕಿದವನು ಬಿಳಿಚೋಡಿನ ಹಿಟ್ಟಿನ ಗಿರಣಿಯ ಪಾಲಣ್ಣ.

ಪಾಲಣ್ಣ ಕೆಟ್ಟವನಲ್ಲ. ಕೆಟ್ಟವನಾಗಲು ಬೇಕಾದ ಏಕಾಗ್ರತೆ ಅವನಲ್ಲಿರಲಿಲ್ಲ. ಅವನ ಗಿರಣಿಗೆ ರಾಗಿ ಕೊಟ್ಟವರು ಮನೆಗೆ ಹೋಗಿ ಚೀಲ ಬಿಚ್ಚಿದಾಗ ಏನು ಸಿಗುತ್ತದೆ ಎಂಬುದನ್ನು ದೇವರಿಗೆ ಬಿಟ್ಟಿದ್ದರು. ಎದುರುಮನೆಯ ಕಲ್ಲಮ್ಮನ ಜೋಳದ ಹಿಟ್ಟಿನಲ್ಲಿ ಒಮ್ಮೆ ಮೆಣಸಿನಪುಡಿ ಸೇರಿ, ಅವಳ ಮನೆಯ ಮಂದಿಯೆಲ್ಲ ರೊಟ್ಟಿ ತಿಂದು ಕಣ್ಣೀರು ಸುರಿಸಿದ್ದನ್ನು ಊರು ಇನ್ನೂ ಮರೆತಿಲ್ಲ. ರಾಗಿಯನ್ನೂ ಜೋಳವನ್ನೂ ಬೇರೆ ಬೇರೆ ಇಡಲಾರದ ಇಂಥ ಮನುಷ್ಯನ ಪಾಲಿಗೆ ಹಸಿರು ಪತಂಗಗಳನ್ನು ಬೇರೆ ಬೇರೆ ಮಾಡುವ ಕೆಲಸ ಬಂದದ್ದು ದೈವದ ಲೀಲೆಯೇ ಇರಬೇಕು.

ಮೂಲಕಾರಣ ಅವನ ಮಗಳು ಸುಧಾ. ಜಗಳೂರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಈ ಹುಡುಗಿಗೆ ನ್ಯಾಮತಿಯ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗ ಪ್ರದೀಪ್, ಪಶು ಆಸ್ಪತ್ರೆಯಲ್ಲಿ ಕೆಲಸ. ಇಬ್ಬರೂ ಮೊದಲೇ ನೆಂಟರ ಮದುವೆಯೊಂದರ ಪಂಕ್ತಿಯಲ್ಲಿ ಪರಿಚಯವಾಗಿದ್ದರು. ಪ್ರದೀಪ್ ಅವಳ ಪಾಯಸದ ಮೇಲೆ ಸಾರು ಬಡಿಸಿದ್ದ, ಅವಳು ಅದನ್ನು ಏನೂ ಹೇಳದೆ ಉಂಡಿದ್ದಳು. ಅಂದೇ ಇಬ್ಬರಿಗೂ ಇದು ಮದುವೆಯಲ್ಲಿ ಮುಗಿಯುವ ವಿಷಯವೆಂದು ಗೊತ್ತಾಗಿತ್ತು. ದೊಡ್ಡವರಿಗೆ ಗೊತ್ತಾಗುವುದಷ್ಟೇ ಬಾಕಿ.

ಹುಡುಗನ ತಂದೆ ಓಬಳೇಶಪ್ಪ ಮೊದಲ ಸಲ ಹೆಣ್ಣು ನೋಡಲು ಬಂದವನು ಹೆಣ್ಣನ್ನು ಒಮ್ಮೆ ನೋಡಿದ. ಉಳಿದ ಹೊತ್ತೆಲ್ಲ ನ್ಯಾಮತಿಯ ಒಂದು ಓಣಿಗೆ ತನ್ನ ತಂದೆಯ ಹೆಸರು ಇಟ್ಟಿರುವ ಸಂಗತಿಯನ್ನು ವಿವರಿಸಿದ. ಆ ಓಣಿಯ ಉದ್ದ, ಅಗಲ, ಅದರಲ್ಲಿ ನೀರು ನಿಲ್ಲುವ ಜಾಗ, ಎಲ್ಲವನ್ನೂ ಹೇಳಿದ. ಬೀಗರು ಹೋದ ಮೇಲೆ ಪಾಲಣ್ಣ ತನ್ನ ವಂಶದ ಹೆಸರು ಜಗತ್ತಿನಲ್ಲಿ ಎಲ್ಲಾದರೂ ಇದೆಯೇ ಎಂದು ಯೋಚಿಸಿದ. ಗಿರಣಿಯ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಇತ್ತು.

ಆ ವಾರವೇ ಮಳೆ ಬಿದ್ದು ಗಿರಣಿಯ ದೀಪಕ್ಕೆ ಹುಳ ಬರತೊಡಗಿದವು. ಅದರಲ್ಲಿ ಉಗುರಿನಷ್ಟಗಲದ ಹಸಿರು ಪತಂಗವೊಂದು ಹಿಟ್ಟು ಚೆಲ್ಲಿದ ಕಟ್ಟೆಯ ಮೇಲೆ ರೆಕ್ಕೆ ಹರಡಿ ಕೂತಿತು. ಬಿಳಿ ಹಿಟ್ಟಿನ ಮೇಲೆ ಹಸಿರು ಪತಂಗ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಪಾಲಣ್ಣ ಅದರ ಚಿತ್ರ ತೆಗೆದು ಫೋನಿನಲ್ಲಿದ್ದ ಯಾವುದೋ ಕೀಟಪ್ರಿಯರ ಗುಂಪಿಗೆ ಹಾಕಿದ. ರೇಣುಕಪ್ರಸಾದ್ ಎಂಬ ವಿದ್ವಾಂಸರೊಬ್ಬರು ಉತ್ತರ ಬರೆದರು: ಚಿತ್ರ ಚೆನ್ನಾಗಿದೆ, ಈ ಸಣ್ಣ ಹಸಿರು ಪತಂಗಗಳ ವರ್ಗೀಕರಣ ಇನ್ನೂ ಇತ್ಯರ್ಥವಾಗಿಲ್ಲ, ಇನ್ನಷ್ಟು ಕಂಡರೆ ತಿಳಿಸಿ.

ಇತ್ಯರ್ಥವಾಗಿಲ್ಲ ಎಂಬುದನ್ನು ಪಾಲಣ್ಣ ಓದಿಕೊಂಡ ರೀತಿ ಬೇರೆ. ಪತಂಗಗಳ ವಿಷಯ ಎಲ್ಲಿಯೂ ತೀರ್ಮಾನವಾಗದೆ, ಕೊನೆಗೆ ಬಿಳಿಚೋಡಿಗೆ ಬಂದಿದೆ ಎಂದು ಅವನಿಗೆ ಅರ್ಥವಾಯಿತು. ಮರುದಿನ ಗಿರಣಿಯ ಬೋರ್ಡಿನ ಕೆಳಗೆ ಇನ್ನೊಂದು ಬೋರ್ಡು ಬಂತು: ಹಸಿರು ಪತಂಗ ವರ್ಗೀಕರಣ ಕೇಂದ್ರ.

ಬೋರ್ಡು ನೋಡಿ ಕೆಲವರು ಆಧಾರ್ ಕಾರ್ಡು ಹಿಡಿದುಕೊಂಡು ಬಂದರು. ಒಬ್ಬ ಮುದುಕ ತನ್ನ ಜಾತಿ ಪ್ರಮಾಣಪತ್ರವನ್ನೂ ಮೊಮ್ಮಕ್ಕಳದನ್ನೂ ತಂದಿದ್ದ. ಕಲ್ಲಮ್ಮ ಮಾತ್ರ ರಾಗಿಯ ಚೀಲವನ್ನು ಸೊಂಟದಿಂದ ಇಳಿಸದೆಯೇ ಬೋರ್ಡನ್ನು ಓದಿ ಮುಗಿಸಿ ಕೇಳಿದಳು: "ಅಲ್ಲ ಪಾಲಣ್ಣ, ಈ ಹುಳ ಯಾವ ಕೆಟಗರಿಗೆ ಬರ್ತೈತೆ? ಇದಕ್ಕೇನಾದ್ರೂ ಸೀಟು ಸಿಗ್ತೈತಾ?"

"ಅದನ್ನೇ ನೋಡ್ತಾ ಐದೀನಿ," ಎಂದ ಪಾಲಣ್ಣ.

"ನೋಡಪ್ಪ. ಹಂಗೇ ನನ್ ರಾಗಿ ಕಡೀಕೂ ಒಂದು ಕಣ್ಣಿರಲಿ."

ಅಂದು ಅವಳ ರಾಗಿಗೆ ಇನ್ನೊಬ್ಬರ ಕಡಲೆ ಬಿತ್ತು. ಆದರೆ ಪತಂಗಗಳ ಕೆಲಸ ಮುಂದುವರಿಯಿತು. ಗೋಡೆಯ ಮೇಲೆ ಕೂತ ಹಸಿರು ಪತಂಗಗಳಲ್ಲಿ ಎರಡು ಬಗೆ ಇರುವುದನ್ನು ಪಾಲಣ್ಣ ಕಂಡುಹಿಡಿದ. ಒಂದು ಬರಿಯ ಹಸಿರು. ಇನ್ನೊಂದರ ರೆಕ್ಕೆಯ ಅಂಚಿಗೆ ದಾರ ಹೊಲಿದಂತೆ ಕೆಂಪು ಗೆರೆ. ಈಗ ಇವಕ್ಕೆ ಹೆಸರಿಡಬೇಕು. ವಿದ್ವಾಂಸರು ಇಡುವ ಹೆಸರುಗಳು ನಾಲಿಗೆಗೆ ಬರುವಂಥವಲ್ಲ. ಪಾಲಣ್ಣನಿಗೆ ಗೊತ್ತಿದ್ದ ವರ್ಗೀಕರಣ ಲೋಕದಲ್ಲಿ ಒಂದೇ ಒಂದು. ಅದು ಬೆಡಗು.

ಬೆಡಗು ಎಂದರೆ ಅವರ ಜನದಲ್ಲಿ ಬಳಿ, ಗೋತ್ರ ಇದ್ದಂತೆ. ಪಾಲಣ್ಣನ ಮನೆಯವರು ಬನ್ನಿಯವರು, ನ್ಯಾಮತಿಯ ಓಬಳೇಶಪ್ಪನ ಮನೆಯವರು ತಂಗಟೆಯವರು. ಒಂದೇ ಬೆಡಗಿನ ಗಂಡು ಹೆಣ್ಣು ಎಷ್ಟೇ ದೂರದವರಾದರೂ ಅಣ್ಣ ತಂಗಿಯರ ಲೆಕ್ಕ. ಅವರೊಳಗೆ ಮದುವೆ ಇಲ್ಲ. ಬೇರೆ ಬೆಡಗಾದರೆ ಸರಿ. ಯಾರ ಮನೆಗೆ ಹೋದರೂ ಜನ ಮೊದಲು ಬೆಡಗು ಕೇಳುತ್ತಾರೆ, ಆಮೇಲೆ ನೀರು ಕೊಡುತ್ತಾರೆ. ಬಾಯಾರಿಕೆ ಕಾಯಬಹುದು.

ಪಾಲಣ್ಣ ಬರಿಯ ಹಸಿರು ಪತಂಗಕ್ಕೆ ಬನ್ನಿಯವರ ಪತಂಗವೆಂದೂ, ಕೆಂಪು ಗೆರೆಯದಕ್ಕೆ ತಂಗಟೆಯವರ ಪತಂಗವೆಂದೂ ನಾಮಕರಣ ಮಾಡಿ, ಚಿತ್ರಗಳನ್ನು ವಿದ್ವಾಂಸರಿಗೂ ನ್ಯಾಮತಿಗೂ ಕಳಿಸಿದ. ಬೀಗರ ತಂದೆಯ ಹೆಸರು ಒಂದು ಓಣಿಗೆ ಮಾತ್ರ ಇತ್ತು. ಈಗ ಅವರ ಬೆಡಗಿನ ಹೆಸರು ಸೃಷ್ಟಿಯ ಒಂದು ಜೀವಿಗೆ ಇದೆ, ಅದನ್ನು ಕೊಟ್ಟವನು ತಾನು.

ಓಬಳೇಶಪ್ಪ ಮೊದಲು ಅನುಮಾನಪಟ್ಟ. ಹುಳಕ್ಕೆ ಹೆಸರಿಡುವುದು ಮರ್ಯಾದೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. ನಾಲ್ಕು ಜನರನ್ನು ಕೇಳಿದ. ನಾಲ್ವರಿಗೂ ಗೊತ್ತಿರಲಿಲ್ಲವಾಗಿ ಎಲ್ಲರೂ ಮರ್ಯಾದೆ ಎಂದರು. ಕೂಡಲೇ ಅವನು ತಂದೆಯ ಹೆಸರಿನ ಓಣಿಯ ಬಾಯಿಗೆ ಒಂದು ಫ್ಲೆಕ್ಸ್ ಕಟ್ಟಿಸಿದ. ಮೇಲೆ ಹಸುವಿನಷ್ಟು ದೊಡ್ಡ ಪತಂಗ, ಕೆಳಗೆ ಕೈ ಮುಗಿದು ನಿಂತ ಓಬಳೇಶಪ್ಪ. ಹಾದುಹೋಗುವವರಲ್ಲಿ ಕೆಲವರು ಅದು ಚುನಾವಣೆಯ ಚಿಹ್ನೆ ಎಂದುಕೊಂಡರು. ಕೆಲವರು ಯಾರಿಗೋ ಶ್ರದ್ಧಾಂಜಲಿ ಎಂದುಕೊಂಡು ಚಪ್ಪಲಿ ಬಿಟ್ಟು ನಿಂತರು.

ಸೊಕ್ಕೆಯಿಂದ ಪಾಲಣ್ಣನ ದಾಯಾದಿಗಳು ಆಟೋ ಮಾಡಿಕೊಂಡು ಬಂದು ಜಗಳ ತೆಗೆದರು. ಕೆಂಪು ಗೆರೆಯಿರುವ ಚೆಂದದ ಹುಳವನ್ನು ಹೆಣ್ಣು ಕೇಳಾಕೆ ಬಂದವರಿಗೆ ಕೊಟ್ಟು, ನಮ್ಮ ಬನ್ನಿಯವರಿಗೆ ಬೋಳು ಹುಳ ಇಟ್ಟೀಯಲ್ಲ, ಬೆಡಗಿನ ಮಾನ ಏನಾತು ಎಂಬುದು ಅವರ ಪ್ರಶ್ನೆ. ಪಾಲಣ್ಣ ಅವರನ್ನು ಕೂರಿಸಿ, ಸರಳತೆಯೇ ದೊಡ್ಡತನವೆಂದು ಒಂದು ತಾಸು ಉಪದೇಶ ಮಾಡಿದ. ಅವರು ಸರಳವಾಗಿ ಊಟ ಮಾಡಿಕೊಂಡು ಹೋದರು.

ಇದೆಲ್ಲ ವೀಳ್ಯದ ಶಾಸ್ತ್ರದ ದಿನದವರೆಗೆ ಚೆನ್ನಾಗಿಯೇ ನಡೆಯಿತು. ಅಂದು ನ್ಯಾಮತಿಯಿಂದ ಓಬಳೇಶಪ್ಪನ ಮನೆಯವರೆಲ್ಲ ಬರುವವರಿದ್ದರು. ಹೊನ್ನಾಳಿಯಿಂದ ಮಲ್ಲೇಶಪ್ಪ ಬರುವವನಿದ್ದ. ಈ ಮಲ್ಲೇಶಪ್ಪ ಬೆಡಗುಗಳ ಯಜಮಾನ. ಯಾರು ಯಾರಿಗೆ ಹೆಣ್ಣು ಕೊಡಬಹುದು, ಯಾರು ಕೊಡಬಾರದು ಎಂಬುದನ್ನು ಅವನ ಬಾಯಿಂದ ಕೇಳದೆ ಆ ಜನದಲ್ಲಿ ಮದುವೆಯಿಲ್ಲ. ಆಯುಷ್ಯವೆಲ್ಲ ಮನುಷ್ಯರನ್ನು ಸರಿಯಾದ ಗೂಡುಗಳಲ್ಲಿ ಹಾಕುತ್ತ ಬಂದಿದ್ದ ಅವನ ಮುಖದ ಮೇಲೆ, ಭಗವಂತ ಮಾಡಿದ ಕಲಬೆರಕೆಯನ್ನು ಒಂಟಿಯಾಗಿ ಸರಿಪಡಿಸುತ್ತಿರುವವನ ದಣಿವಿತ್ತು.

ಅವರಿಗೆ ತೋರಿಸಲೆಂದು ಪಾಲಣ್ಣ ದೀಪದ ಕೆಳಗೆ ತಾವಾಗಿಯೇ ಸತ್ತುಬಿದ್ದಿದ್ದ ಎರಡು ಪತಂಗಗಳನ್ನು, ಬಗೆಗೊಂದರಂತೆ ಆರಿಸಿ, ಮಿಠಾಯಿ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದ್ದ. ಶಾಸ್ತ್ರದ ದಿನ ಬೆಳಿಗ್ಗೆ ನೋಡಿದರೆ ಅವುಗಳ ಮೇಲೆ ಗಿರಣಿಯ ಧೂಳು. ಶುಭಕಾರ್ಯಕ್ಕೆ ಕೂರುವವರು ಸ್ನಾನ ಮಾಡದೆ ಕೂರುವುದುಂಟೆ? ಮನೆಯ ದನಕ್ಕೂ ಅಂದು ಮೈ ತೊಳೆಸಲಾಗಿತ್ತು. ಪಾಲಣ್ಣ ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಎರಡೂ ಪತಂಗಗಳಿಗೆ ಭಕ್ತಿಯಿಂದ ಮೈ ಒರೆಸಿ, ಡಬ್ಬಿ ಮುಚ್ಚಿ, ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟ. ಪತಂಗದ ಬಣ್ಣವೆಲ್ಲ ರೆಕ್ಕೆಯ ಮೇಲಿನ ಪುಡಿಯಲ್ಲೇ ಇರುತ್ತದೆ ಎಂಬುದನ್ನಾಗಲಿ, ತೇವ ತಗುಲಿದರೆ ಇವುಗಳ ಹಸಿರು ಹಾರಿಹೋಗುತ್ತದೆ ಎಂಬುದನ್ನಾಗಲಿ ವರ್ಗೀಕರಣ ಕೇಂದ್ರದ ಮುಖ್ಯಸ್ಥನಿಗೆ ಯಾರೂ ಹೇಳಿರಲಿಲ್ಲ.

ಬೀಗರು ಬಂದರು. ಎಲೆ ಅಡಿಕೆ ತಟ್ಟೆ ನಡುವೆ ಬಂತು. ವೀಳ್ಯ ಬದಲಾಯಿಸುವ ಮುಂಚೆ ಪಾಲಣ್ಣ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಎರಡು ಬೆಡಗುಗಳ ಕೀರ್ತಿಯನ್ನು ಹೊತ್ತು ಹಾರುವ ಜೀವಿಗಳನ್ನು ಈಗ ಎಲ್ಲರೂ ನೋಡಬಹುದೆಂದು ಹೇಳಿ ಡಬ್ಬಿ ತೆರೆದ.

ಡಬ್ಬಿಯಲ್ಲಿ ಒಣಹುಲ್ಲಿನ ಬಣ್ಣದ ಎರಡು ಚೂರುಗಳಿದ್ದವು. ಹಸಿರಿಲ್ಲ, ಕೆಂಪು ಗೆರೆಯಿಲ್ಲ. ಒಂದಕ್ಕೊಂದು ತದ್ರೂಪು.

ಓಬಳೇಶಪ್ಪ ಬಹಳ ಹೊತ್ತು ಬಗ್ಗಿ ನೋಡಿದ. "ಇದರಾಗೆ ನಮ್ಮದು ಯಾವುದು ಬೀಗರೇ?"

ಪಾಲಣ್ಣ ಬಲಗಡೆಯದು ಎಂದ. ಸೊಕ್ಕೆಯ ದಾಯಾದಿಯೊಬ್ಬ, ಬೆಳಿಗ್ಗೆ ಬಲಗಡೆಯದು ಬನ್ನಿಯವರದು ಅಂದಿದ್ದೆಯಲ್ಲ ಎಂದು ನೆನಪಿಸಿದ. ಹಾಗಾದರೆ ಎಡಗಡೆಯದು ಎಂದ ಪಾಲಣ್ಣ. ಓಬಳೇಶಪ್ಪನ ಹೆಂಡತಿ, ತಮ್ಮ ಹುಳ ಇಷ್ಟು ಸೊರಗಿ ಹೋಗಿರುವುದು ಒಳ್ಳೆಯ ಶಕುನವಲ್ಲವೆಂದು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಪಡಸಾಲೆಗೆಲ್ಲ ಕೇಳಿಸಿತು.

ಇಷ್ಟಕ್ಕೇ ಡಬ್ಬಿ ಮುಚ್ಚಿದ್ದರೆ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಊಟಕ್ಕೆ ಏಳುತ್ತಿದ್ದರು. ಆದರೆ ಪಾಲಣ್ಣ ತನ್ನ ಮಾತಿಗೆ ವಿದ್ವಾಂಸರ ಸಾಕ್ಷಿ ಹಾಕಿಸುತ್ತೇನೆಂದು ಹಟ ಹಿಡಿದ. ರೇಣುಕಪ್ರಸಾದರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ತಾನು ಮೊದಲು ಕಳಿಸಿದ್ದ ಎರಡು ಚಿತ್ರಗಳ ಪತಂಗಗಳು ಬೇರೆ ಬೇರೆ ಎಂದು ದಯವಿಟ್ಟು ಹೇಳಬೇಕೆಂದು ಕೇಳಿದ.

ಫೋನಿನೊಳಗಿಂದ ಸಾವಧಾನದ ದನಿ ಬಂತು. "ಇಲ್ಲ ಪಾಲಣ್ಣನವರೇ. ನನಗೆ ತೋರುವಂತೆ ಎರಡೂ ಒಂದೇ. ಎರಡು ಹೆಸರು ಬೇಕಾಗಿಲ್ಲ."

ಎಲ್ಲರೂ ಮಲ್ಲೇಶಪ್ಪನ ಕಡೆ ನೋಡಿದರು. ಮಲ್ಲೇಶಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಎಲೆಯನ್ನು ತಟ್ಟೆಯಲ್ಲಿ ವಾಪಸ್ಸು ಇಟ್ಟ. ಅವನು ಎಲೆ ವಾಪಸ್ಸು ಇಟ್ಟರೆ ಏನರ್ಥವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹೆಸರು ಕೊಟ್ಟೋನು ಪಾಲಣ್ಣ," ಎಂದ ಅವನು. "ಇಸ್ಕಂಡೋನು ಓಬಳೇಶಪ್ಪ. ಫ್ಲೆಕ್ಸೂ ಹಾಕ್ಸಿದಾನೆ, ನಾನೇ ನೋಡೀನಿ. ಕೊಟ್ಟು ಇಸ್ಕಂಡ ಮ್ಯಾಲೆ ಹುಳ ಬೆಡಗಿಂದಾತು. ಈಗ ಓದಿದೋರು ಹುಳ ಎರಡೂ ಒಂದೇ ಅಂತಾರೆ. ಹುಳ ಒಂದೇ ಆದ್ರೆ ಬೆಡಗು ಒಂದೇ. ಬೆಡಗು ಒಂದೇ ಆದ್ರೆ ಈ ಹುಡುಗ ಹುಡುಗಿ ಅಣ್ಣ ತಂಗಿ."

ಪಾಲಣ್ಣನ ಹೆಂಡತಿ ಗಾದ್ರಮ್ಮ ಅಡುಗೆಮನೆಯ ಬಾಗಿಲಿನಿಂದಲೇ ಕೇಳಿದಳು: "ಅಲ್ರೀ ಯಜಮಾನ್ರೇ, ಹುಳಕ್ಕೆ ಎಲ್ಲಾದ್ರೂ ಬೆಡಗು ಇರ್ತೈತೇನ್ರೀ?"

"ಇರಲಿಲ್ಲ ತಾಯಿ. ನಿನ್ ಗಂಡ ಕೊಟ್ಟ."

ಓಬಳೇಶಪ್ಪ ಅಡ್ಡ ಮಾತಾಡಿದರೆ ಅವನ ಫ್ಲೆಕ್ಸು ಸುಳ್ಳಾಗುತ್ತಿತ್ತು. ಮಗನ ಮದುವೆಗೂ ಫ್ಲೆಕ್ಸಿಗೂ ನಡುವೆ ಸಿಕ್ಕಿಕೊಂಡ ಆ ತಂದೆ ಸ್ವಲ್ಪ ಹೊತ್ತು ತೊಳಲಾಡಿ, ಫ್ಲೆಕ್ಸನ್ನು ಆರಿಸಿಕೊಂಡ. ಹೋಳಿಗೆ ಮಾತ್ರ ಎಲ್ಲರೂ ತಿಂದರು. ಅಣ್ಣ ತಂಗಿಯರ ಮನೆಯಲ್ಲಿ ಊಟಕ್ಕೆ ಅಡ್ಡಿಯಿಲ್ಲವೆಂದು ಮಲ್ಲೇಶಪ್ಪನೇ ತೀರ್ಪು ಕೊಟ್ಟ.

ಎಲ್ಲರೂ ಹೋದ ಮೇಲೆ ಸುಧಾ ತಂದೆಯ ಎದುರು ಬಂದು ಕೂತಳು. ಅತ್ತಿರಲಿಲ್ಲ. ಪಾಲಣ್ಣನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

"ಅಪ್ಪಾ, ಆ ಹುಳ ಒಂದು ಮಾಡಿದೋರು ಯಾರೋ, ಅವರ ಹತ್ರಾನೇ ಹೋಗು. ಎರಡು ಮಾಡಿಸ್ಕಂಡು ಬಾ. ಆಗಲಿಲ್ಲ ಅಂದ್ರೆ ನಾನು ಬ್ಯಾರೆ ಯಾರನ್ನೂ ಆಗಾಕಿಲ್ಲ. ಇದೇ ಗಿರಣಿಯಾಗೆ ನಿನ್ ಪಕ್ಕ ಕೂತ್ಕಂಡು ಹುಳ ನೋಡ್ತೀನಿ. ನೀನು ಇರೋತನಕ."

ಪಾಲಣ್ಣ ಮರುದಿನವೇ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಯ ಕಡೆ ಹೊರಟ. ರೇಣುಕಪ್ರಸಾದರು ಸೂಳೆಕೆರೆಯ ದಂಡೆಯ ಹಳ್ಳಿಯೊಂದರಲ್ಲಿ ಕೋಣೆ ಹಿಡಿದು ಹುಳುಗಳ ಅಧ್ಯಯನ ಮಾಡುತ್ತಿದ್ದರು. ಎದುರಿಗೆ ಅಷ್ಟು ದೊಡ್ಡ ನೀರು, ಅದರ ಮೇಲೆ ಅಷ್ಟು ಆಕಾಶ. ಕೆರೆ ನೋಡಿದವರ ಕೈಗಳು ತಾವಾಗಿ ಜೋಡಿಸಿಕೊಳ್ಳುತ್ತವೆ. ವಿದ್ವಾಂಸರು ಅದಕ್ಕೆ ಬೆನ್ನು ಮಾಡಿ ಕೂತು, ಭೂತಗನ್ನಡಿಯಲ್ಲಿ ಒಂದು ಪತಂಗದ ಕಾಲಿನ ಕೂದಲು ನೋಡುತ್ತಿದ್ದರು.

ಅವರು ಪಾಲಣ್ಣನನ್ನು ಆದರದಿಂದಲೇ ಕಂಡರು. ಒಂದು ಕಂಬಳಿಹುಳವನ್ನು ತೋರಿಸಿದರು. ಇದೇ ಗುಂಪಿನ ಮರಿಯಂತೆ. ಹೂವಿನ ಎಸಳುಗಳನ್ನು ಕತ್ತರಿಸಿ ಬೆನ್ನಿಗೆ ಅಂಟಿಸಿಕೊಂಡು, ತಾನೇ ಹೂವೆಂಬಂತೆ ಕೊಂಬೆಯ ಮೇಲೆ ಗಂಭೀರವಾಗಿ ಕೂತಿರುತ್ತದೆ. ಪಾಲಣ್ಣ ಅದನ್ನು ಬಹಳ ಹೊತ್ತು ನೋಡಿದ. ಅವನಿಗೆ ಯಾರ ನೆನಪೂ ಬರಲಿಲ್ಲ.

ಆಮೇಲೆ ಬಂದ ಕೆಲಸ ಹೇಳಿದ. ವಿದ್ವಾಂಸರು ತಲೆಯಾಡಿಸಿ ಈ ಪತಂಗಗಳ ಪೂರ್ವೋತ್ತರವನ್ನು ವಿವರಿಸಿದರು. ಹಿಂದೆ ಎಲ್ಲವೂ ಒಂದೇ ಗುಂಪಾಗಿತ್ತು. ಒಬ್ಬ ಬಂದು ಎರಡು ಮಾಡಿದ. ಅವನ ಶಿಷ್ಯ ಗುರುವಿನ ಮೇಲೆ ಸಿಟ್ಟಾಗಿ ನಾಲ್ಕು ಮಾಡಿದ. ಈಗ ತಾವು ಮತ್ತೆ ಒಂದು ಮಾಡುತ್ತಿರುವುದಾಗಿ ಹೇಳಿದರು. ಶಿಷ್ಯನ ಕಡೆಯವರು ತಮ್ಮೊಡನೆ ಮಾತು ಬಿಟ್ಟಿದ್ದಾರೆ. ಸಭೆಗಳಲ್ಲಿ ಊಟಕ್ಕೂ ಬೇರೆ ಮೇಜಿನಲ್ಲಿ ಕೂರುತ್ತಾರೆ.

ಪಾಲಣ್ಣನಿಗೆ ಮನೆಯಲ್ಲೇ ಕೂತಂತೆ ಹಿತವಾಯಿತು. "ಹಂಗಾದ್ರೆ ಸಾರ್, ಒಂದು ಉಪಕಾರ ಮಾಡ್ರಿ. ಮದುವೆ ಮುಗಿಯೋತನಕ ಎರಡು ಅನ್ರಿ. ಮೂರು ಗಂಟು ಬಿದ್ದ ಮ್ಯಾಲೆ ಒಂದು ಮಾಡ್ಕಳ್ರಿ. ನಾವೇನೂ ಕೇಳಾಕೆ ಬರಾಕಿಲ್ಲ."

ವಿಜ್ಞಾನ ಹಾಗೆ ನಡೆಯುವುದಿಲ್ಲವೆಂದು ವಿದ್ವಾಂಸರು ಹೇಳಿದರು. ಹಾಗಾದರೆ ತಂಗಟೆಯವರಿಗೆ ಬೇರೆ ಯಾವುದಾದರೂ ಹಸಿರು ಪತಂಗ ಕೊಡಿಸಿ ಎಂದು ಪಾಲಣ್ಣ ಬೇಡಿದ. ಖಚಿತವಾಗಿ ಬೇರೆಯೇ ಆದದ್ದು ಒಂದಿದೆ, ಹತ್ತಿಯ ಕಾಯಿ ಕೊರೆದು ಬೆಳೆ ಹಾಳು ಮಾಡುವ ಹುಳದ ಪತಂಗ, ಅದೂ ಸಣ್ಣದು, ಅದೂ ಹಸಿರು ಎಂದರು ಅವರು. ಪಾಲಣ್ಣ ಅದನ್ನು ಮನಸ್ಸಿನಲ್ಲೇ ಓಬಳೇಶಪ್ಪನ ಫ್ಲೆಕ್ಸಿನ ಮೇಲೆ ಅಂಟಿಸಿ ನೋಡಿದ. ಒಂದು ಗಳಿಗೆ ಅವನಿಗೆ ಒಳಗೊಳಗೇ ಸಂತೋಷವಾದದ್ದು ಸುಳ್ಳಲ್ಲ. ಆಮೇಲೆ ಮಗಳ ಮುಖ ನೆನಪಾಗಿ ಬೇಡವೆಂದ.

"ನಿಮ್ಮ ಗಿರಣಿಗೆ ನಾನೇ ಬರುತ್ತೇನೆ," ಎಂದರು ರೇಣುಕಪ್ರಸಾದ್. "ಜೀವಂತ ಪತಂಗಗಳು ಬೇಕು. ಅವುಗಳ ನಡವಳಿಕೆ ನೋಡಿದರೆ ಒಂದೋ ಎರಡೋ ಎಂದು ಖಚಿತವಾಗಿ ಹೇಳಬಹುದು. ಎರಡು ಎಂದು ಕಂಡರೆ ಎರಡು ಎಂದೇ ಹೇಳುತ್ತೇನೆ. ನನಗೇನೂ ಪಕ್ಷಪಾತವಿಲ್ಲ."

ಅವರು ಒಂದು ಎಂದು ಸಾಧಿಸುವುದಕ್ಕೆ ಅರ್ಧ ಆಯುಷ್ಯ ಕಳೆದಿದ್ದರು ಎಂಬುದನ್ನು ಬಿಟ್ಟರೆ ಈ ಮಾತು ನಿಜವೇ.

ಅತ್ತ ನ್ಯಾಮತಿಯಲ್ಲಿ ಪ್ರದೀಪ್ ಮನೆಯಲ್ಲಿ ಮಾತು ಬಿಟ್ಟಿದ್ದ. ಓಬಳೇಶಪ್ಪ ಫ್ಲೆಕ್ಸಿನ ಪತಂಗದ ಮೇಲೆ ಬಿಳಿ ಕಾಗದ ಅಂಟಿಸಿ ತನ್ನ ಕೈ ಮುಗಿದ ಚಿತ್ರ ಮಾತ್ರ ಉಳಿಸಿದ್ದನಾಗಿ, ಹುಳ ತೀರಿಹೋಯಿತೆಂದು ತಿಳಿದವರು ಮನೆಗೆ ಬಂದು ಸಂತಾಪ ಹೇಳುತ್ತಿದ್ದರು. ಅವನಿಗೂ ಈ ವ್ಯವಹಾರ ಹೇಗಾದರೂ ಬಗೆಹರಿದರೆ ಸಾಕಾಗಿತ್ತು. ವಿದ್ವಾಂಸರೇ ಬಂದು ಎಲ್ಲರ ಎದುರಿಗೆ ತೀರ್ಮಾನ ಮಾಡುತ್ತಾರೆಂಬ ಸುದ್ದಿ ಕೇಳಿ ಮಲ್ಲೇಶಪ್ಪನೂ ಒಪ್ಪಿದ. ತಾನು ಕಣ್ಣಾರೆ ನೋಡಬೇಕು, ಕೊನೆಯ ಮಾತು ತನ್ನದಾಗಿರಬೇಕು, ಊಟ ಸಂಜೆಗೆ ಮುಂಚೆ ಆಗಬೇಕು ಎಂಬಷ್ಟೇ ಅವನ ಷರತ್ತು.

ಹೀಗೆ ಒಂದು ಮುಸ್ಸಂಜೆ ಬಿಳಿಚೋಡಿನ ಗಿರಣಿಯ ಮುಂದೆ ಎರಡು ಬೆಡಗಿನವರೂ ಸೇರಿದರು. ಗಾದ್ರಮ್ಮ ಬಿಳಿ ಹೊದಿಕೆಯೊಂದನ್ನು ಗೋಡೆಗೆ ಕಟ್ಟಿದಳು. ವಿದ್ವಾಂಸರು ಅದರ ಮುಂದೆ ದೀಪ ಹಚ್ಚಿದರು. ಬನ್ನಿಯವರು ಎಡಕ್ಕೆ, ತಂಗಟೆಯವರು ಬಲಕ್ಕೆ ಕೂತರು. ನಡುವೆ ಕುರ್ಚಿಯ ಮೇಲೆ ಮಲ್ಲೇಶಪ್ಪ. ಊರಿನವರು ಹಿಂದೆ ನಿಂತರು. ಕಲ್ಲಮ್ಮ ತಾನು ಯಾರ ಪರವೂ ಅಲ್ಲವೆಂದೂ, ಹಿಟ್ಟು ಇಸ್ಕಂಡು ಹೋಗಾಕೆ ಬಂದವಳೆಂದೂ ಹೇಳಿ ಎಲ್ಲರಿಗಿಂತ ಮುಂದೆ ಕೂತಳು. ಪ್ರದೀಪ್ ಒಂದು ಮೂಲೆಯಲ್ಲಿ, ಸುಧಾ ಇನ್ನೊಂದು ಮೂಲೆಯಲ್ಲಿ. ಅವರಿಬ್ಬರು ಹೊದಿಕೆಯ ಕಡೆ ನೋಡುತ್ತಿರಲಿಲ್ಲ.

ಮೊದಲು ಸೊಳ್ಳೆ ಬಂದವು. ಆಮೇಲೆ ರೆಕ್ಕೆ ಹುಳು, ಜೀರುಂಡೆ. ಒಂದು ದೊಡ್ಡ ಕಂದು ಹುಳ ಓಬಳೇಶಪ್ಪನ ಕಿವಿಗೆ ಬಡಿಯಿತು. ಇದು ಯಾರ ಬೆಡಗಿನದು ಎಂದು ಹಿಂದಿನಿಂದ ಯಾರೋ ಕೇಳಿದರು. ಕತ್ತಲು ಕವಿಯುವ ಹೊತ್ತಿಗೆ ಬರಿಯ ಹಸಿರು ಪತಂಗವೊಂದು ಬಂದು ಹೊದಿಕೆಯ ನಡುವೆ ಕೂತಿತು. ಬನ್ನಿಯವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಕೆಂಪು ಗೆರೆಯದು ಬಂದು ಒಂದು ಗೇಣು ಆಚೆ ಕೂತಿತು. ಈಗ ತಂಗಟೆಯವರ ಸರದಿ.

ಒಂದು ಇನ್ನೊಂದರ ಕಡೆ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಜನ ಕುತ್ತಿಗೆ ಚಾಚಿದರು. ಮನುಷ್ಯರ ಮದುವೆಯಲ್ಲಿ ಇಷ್ಟು ಶ್ರದ್ಧೆಯಿಂದ ಯಾರೂ ನೋಡಿದ್ದಿಲ್ಲ. ಕೊನೆಗೆ ಎರಡೂ ಬೆನ್ನಿಗೆ ಬೆನ್ನು ಕೊಟ್ಟು, ತುದಿಗೆ ತುದಿ ಕೂಡಿಸಿ, ಒಂದೇ ಎಲೆಯ ಎರಡು ಹೋಳುಗಳಂತೆ ಅಲ್ಲಾಡದೆ ಕೂತವು. ಹೆಂಗಸರು ಸೆರಗು ಬಾಯಿಗೆ ಹಿಡಿದರು.

ರೇಣುಕಪ್ರಸಾದರ ಮುಖ ಅರಳಿತು. ಅರ್ಧ ಆಯುಷ್ಯದ ಕೆಲಸ ಆ ಹೊದಿಕೆಯ ಮೇಲೆ ಕೂತಿತ್ತು. "ನೋಡಿ, ಇವು ಕೂಡಿವೆ," ಎಂದರು ಅವರು. "ಗೆರೆಯಿಲ್ಲದ್ದು ಗಂಡು, ಗೆರೆಯಿರುವುದು ಹೆಣ್ಣು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಾನು ಹೇಳಿದ್ದೇ ಸರಿ."

ಮಲ್ಲೇಶಪ್ಪ ಕುರ್ಚಿಯಿಂದ ಎದ್ದು, ಹೊದಿಕೆಯ ಹತ್ತಿರ ಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಖಚಿತಪಡಿಸಿಕೊಂಡು ತಿರುಗಿದ. "ಕೂಡ್ಯಾವೆ," ಎಂದ. "ನಾನೂ ಕಂಡೆ, ನೀವೂ ಕಂಡ್ರಿ. ಒಂದೇ ಬೆಡಗಿನವು ಎಲ್ಲಾದ್ರೂ ಕೂಡ್ತಾವೇನು? ಅಣ್ಣ ತಂಗಿ ಆಗಿದ್ರೆ ಹಿಂಗೆ ಕೂಡ್ತಿದ್ವಾ? ಇವು ಬ್ಯಾರೆ ಬ್ಯಾರೆ ಬೆಡಗು. ವೀಳ್ಯ ತರ್ರಿ."

ವಿದ್ವಾಂಸರಿಗೆ ಯಜಮಾನರ ಮಾತು ಕೇಳಿಸಲಿಲ್ಲ. ಅವರು ಚಿತ್ರ ತೆಗೆಯುತ್ತಿದ್ದರು. ಯಜಮಾನರಿಗೆ ವಿದ್ವಾಂಸರ ಮಾತು ಬೇಕಾಗಿರಲಿಲ್ಲ. ಕೂಡಿವೆ ಎಂಬಷ್ಟು ಅವರ ಬಾಯಿಂದ ಬಂದದ್ದು ಸಾಕಿತ್ತು. ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದು, ತಮ್ಮ ಮಾತು ಉಳಿಸಿಕೊಟ್ಟದ್ದಕ್ಕೆ ಉಪಕಾರ ಹೇಳಿಕೊಂಡರು. ಓಬಳೇಶಪ್ಪ ಆಗಲೇ ಫೋನು ತೆಗೆದು, ಫ್ಲೆಕ್ಸಿನ ಮೇಲಿನ ಕಾಗದ ಕೀಳಿಸಲು ನ್ಯಾಮತಿಗೆ ಹೇಳುತ್ತಿದ್ದ.

ಅಲ್ಲಿದ್ದವರಲ್ಲಿ ಎರಡೂ ಕಡೆಯ ಮಾತು ಕೇಳಿಸಿಕೊಂಡು, ಎರಡೂ ಒಂದಕ್ಕೊಂದು ತದ್ವಿರುದ್ಧವೆಂದು ತಿಳಿದವನು ಒಬ್ಬನೇ. ಪಾಲಣ್ಣನಿಗೆ ಜನ್ಮದಲ್ಲಿ ಒಂದು ವಿಷಯ ಪೂರ್ತಿಯಾಗಿ ಅರ್ಥವಾದದ್ದು ಅದೇ ಮೊದಲು. ಅರ್ಥವಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವನಿಗೆ ಇರುವುದಾದರೂ ಹೇಗೆ? ಅವನು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡ.

"ಯಜಮಾನ್ರೇ, ಒಂದು ಸಣ್ಣ ತಪ್ಪಾಗೈತೆ. ಸಾರ್ ಹೇಳಿದ್ದು ಏನಪ್ಪಾ ಅಂದ್ರೆ, ಕೂಡಿದ್ರಿಂದಾನೇ ಅವು..."

ಸುಧಾ ತನ್ನ ಮೂಲೆಯಿಂದ ಧಾವಿಸಿದಳು. ಪ್ರದೀಪ್ ಅರ್ಧ ಎದ್ದ. ಅವರಿಬ್ಬರಿಗಿಂತ ಮೊದಲು ಗಾದ್ರಮ್ಮ ತಲುಪಿದಳು. ಮಾತು ಪಕ್ಕಾ ಆದಾಗ ಹಂಚಲೆಂದು ಹಿಡಿದು ನಿಂತಿದ್ದ ತಟ್ಟೆಯಿಂದ ಇನ್ನೂ ಒಡೆಯದ ಬೆಲ್ಲದ ದೊಡ್ಡ ಉಂಡೆಯನ್ನು ಎತ್ತಿ, "ಮೊದಲು ಹೆಣ್ಣಿನ ಅಪ್ಪ ಬಾಯಿ ಸಿಹಿ ಮಾಡ್ಕಬೇಕ್ರೀ," ಎಂದು ಸಭೆಗೆ ಹೇಳುತ್ತ, ಗಂಡನ ತೆರೆದ ಬಾಯಿಗೆ ಅದನ್ನು ಇಡಿಯಾಗಿ ತುರುಕಿದಳು. ಮೇಲೆ ಅಂಗೈ ಒತ್ತಿ ಹಿಡಿದಳು.

ಪಾಲಣ್ಣ ಕೈ ಆಡಿಸಿದ. ಕೆನ್ನೆ ಎರಡೂ ಊದಿ, ಕಣ್ಣಲ್ಲಿ ನೀರು ಬಂತು. ಹೆಣ್ಣು ಹೆತ್ತವರ ಸಂಕಟ ಬೇರೆಯವರಿಗೆ ತಿಳಿಯುವಂಥದ್ದಲ್ಲವೆಂದು ಮಲ್ಲೇಶಪ್ಪ ಹೇಳಿದ. ಓಬಳೇಶಪ್ಪ ಬೀಗನನ್ನು ಅಪ್ಪಿಕೊಂಡು ತಾನೂ ಎರಡು ಹನಿ ಸುರಿಸಿದ. ಎಲ್ಲರೂ ಮನೆಯೊಳಗೆ ನಡೆದರು. ಪಡಸಾಲೆಯಲ್ಲಿ ವೀಳ್ಯ ಬದಲಾಯಿತು, ದಿನ ಗೊತ್ತಾಯಿತು, ಯಾರೋ ಸೋಬಾನೆ ತೆಗೆದರು. ವಿದ್ವಾಂಸರೂ ಕರೆಸಿಕೊಂಡು ಒಳಗೆ ಹೋಗಿ ಮಂಡಕ್ಕಿ ತಿನ್ನುತ್ತ ಕೂತರು.

ಜಗಳೂರಿನ ಸಂತೆಯ ಬೆಲ್ಲ ಗಟ್ಟಿ. ಅದು ಪೂರ್ತಿ ಕರಗಿ ಪಾಲಣ್ಣನ ನಾಲಿಗೆ ಬಿಡುವಾಗುವ ಹೊತ್ತಿಗೆ ಗಿರಣಿಯ ಮುಂದೆ ಒಬ್ಬರೂ ಉಳಿದಿರಲಿಲ್ಲ. ಬಿಳಿ ಹೊದಿಕೆಯ ಮೇಲೆ ಆ ಎರಡು ಪತಂಗಗಳು ಮಾತ್ರ ಕೂಡಿಕೊಂಡು ಕೂತಿದ್ದವು. ಪಾಲಣ್ಣ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತುಟಿ ಒರೆಸಿಕೊಂಡು, ಅವು ಎರಡಲ್ಲ ಒಂದೇ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ವಿವರಿಸಿ ಹೇಳಿದ. ಅವು ಅವನ ಕಡೆ ತಿರುಗಿಯೂ ನೋಡಲಿಲ್ಲ.